ಕೆಂಪು ದಾರ

ರಂಪಣಿ ಎಳೆಯುವ ದಿನ
ಮಾಜಾಳಿಯ ದಂಡೆಯಲ್ಲಿ ಎರಡು ಸಾಲು ಬೆನ್ನು,
ಉತ್ತರಕ್ಕೊಂದು, ದಕ್ಷಿಣಕ್ಕೊಂದು,
ನಡುವೆ ನೀರಲ್ಲಿ ಬಲೆ.
ಹಗ್ಗ ಬಿಗಿಯಬೇಕಾದದ್ದು ಒಂದೇ ಕಡೆ.
ಎಲ್ಲಿ ಎಂಬುದು ಉಮಾಕಾಂತ ತಾಂಡೇಲನ
ಹೆಬ್ಬೆರಳಿಗೆ ಕತ್ತಲಲ್ಲೂ ಗೊತ್ತು.

ಶೇವಂತಿ ಮಾವಶಿಯ ಕೆಲಸ ಅದರ ಹಿಂದಿನ ರಾತ್ರಿಯದು.
ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಹೆಚ್ಚಾದ ಗಂಟು ಹುಡುಕುತ್ತಿದ್ದಳು:
ಹುಡುಗರು ಹುಮ್ಮಸ್ಸಿಗೆ ಹಾಕಿದ್ದು,
ಕುಡಿದವರು ಹಾಕಿ ಮರೆತದ್ದು.
ನೋಡಲು ಅಸಲಿಯೇ. ಅದೇ ಹುರಿ, ಅದೇ ಬಿಗಿ.
ಅವಳು ಕತ್ತರಿಸುತ್ತಿರಲಿಲ್ಲ.
ಸೊಂಟದ ಕೆಂಪು ದಾರ ತೆಗೆದು ಸುತ್ತುವಳು,
ಒಂದು, ಎರಡು, ಮೂರು,
ನಾಲ್ಕು ಸುತ್ತಾದರೇ ಲೆಕ್ಕ.
ಕತ್ತಿ ಹಿಡಿದ ಪುರ್ಸು ಬರುವುದು ಆಮೇಲೆ.
ಅವನಿಗೆ ಗಂಟು ತಿಳಿಯದು,
ದಾರ ತಿಳಿಯುತ್ತಿತ್ತು.

"ತಪ್ಪಿ ಸರಿಯಾದ್ದಕ್ಕೇ ಸುತ್ತಿದರೆ?" ಎಂದಿದ್ದೆ,
ಆರನೇ ಇಯತ್ತೆಯ ನಾನು.
"ಅದರ ಮೇಲೆ ತಾಂಡೇಲನ ಕೈ ಇರ್ತದಲ್ಲ ಮಗಾ,
ಕೈ ಇದ್ದಲ್ಲಿ ದಾರಕ್ಕೆ ಜಾಗ ಎಲ್ಲಿ?"

ಈಗ ಕೋಡಿಬಾಗದ ಲ್ಯಾಬಿನಲ್ಲಿ ಯೀಸ್ಟ್ ಸಾಕುತ್ತೇನೆ,
ಬೆಳಗಿನ ಸೈಕಲ್ಲಿನ ಪಾವಿನಲ್ಲಿ ಉಬ್ಬುವ ಅದೇ ಜೀವ.
ಒಂದೊಂದು ಕ್ರೋಮೋಸೋಮಿಗೂ ಒಂದು ಸೆಂಟ್ರೋಮಿಯರ್,
ಅಲ್ಲಿ ಕೂತ ಪ್ರೋಟೀನೊಂದು
"ಇಲ್ಲಿ ಕಟ್ಟಿ ಹಗ್ಗ" ಎನ್ನುತ್ತದೆ,
ಎರಡು ತುದಿಯಿಂದ ಎಳೆತ ಶುರು.
ಬೇಕು ಅದು. ಹೆಚ್ಚು ಬೇಡ.
ಹೆಚ್ಚಾದದ್ದು ಸಿಕ್ಕಸಿಕ್ಕಲ್ಲಿ ಕೂತು
ಅದೇ ಮಾತು ಹೇಳತೊಡಗಿದರೆ
ಮೈ ಒಂದೇ, ಹಗ್ಗ ಹಲವು.

ಮೂರು ದಿನದ ಹಿಂದೆ
ದಾರ ಸುತ್ತುವ ಜೀನನ್ನೇ ಕಿತ್ತೆ,
ಪ್ರೋಟೀನು ಉಕ್ಕಲು ಬಿಟ್ಟೆ.
ಇಂದು ತಟ್ಟೆ ತೆರೆದರೆ
ಚುಕ್ಕಿಗಳಿರಬೇಕಾದಲ್ಲಿ ಬರೀ ಅಗರ್,
ಅಲ್ಲೊಂದು ಇಲ್ಲೊಂದು ಕುಗ್ಗಿದ ಕಲೆ.

ಮಾವಶಿ ಜ್ವರ ಬಂದು ಮಲಗಿದ ವರ್ಷ
ಬಾಂಗಡೆ ತುಂಬಿದ ಬಲೆ
ದಂಡೆಗೆ ಇಪ್ಪತ್ತು ಮಾರು ಇರುವಾಗ ಪರ್ರನೆ ಸೀಳಿತ್ತು.
ನೀರು ಬೆಳ್ಳಿಯಾಗಿ ಕುದಿದು, ಆಮೇಲೆ ಬರೀ ನೀರಾಯಿತು.
ಎರಡೂ ಸಾಲು ಹಿಮ್ಮುಖ ಮರಳಿಗೆ ಬಿದ್ದವು,
ಹಗ್ಗ ಕೈಯಲ್ಲೇ ಇತ್ತು.
ಯಾರನ್ನು ಬಯ್ಯುವುದೆಂದು ಯಾರಿಗೂ ಹೊಳೆಯಲಿಲ್ಲ.

ಪಾಲು ಹಂಚುವಾಗ ದೋಣಿಗೊಂದು, ಬಲೆಗೊಂದು,
ಎಳೆದವರಿಗೆ ತಲೆಗೊಂದು.
ಅವಳಿಗೆ ಬುಟ್ಟಿಯ ತಳದಲ್ಲಿ ಉಳಿದದ್ದು.
ಕತ್ತರಿಸಿದ ಹುರಿಯನ್ನು ಬಿಡಿಸಿ
ಮುಂದಿನ ಬಲೆಗೆ ಹೊಸೆಯುತ್ತಿದ್ದರು.
ದಾರವನ್ನು ಮಾತ್ರ, ಕತ್ತಿ ತಾಗುವ ಮೊದಲೇ
ಅವಳು ಬಿಚ್ಚಿಕೊಳ್ಳುವಳು,
ನಾಳೆಗೆ ಬೇಕಲ್ಲ.
ಜೀವಕೋಶವೂ ಹಾಗೇ ಬಿಚ್ಚಿಕೊಳ್ಳುತ್ತದಂತೆ.
ಓದಿದ ದಿನ ಊಟ ಬಿಟ್ಟು
ಬೈತಖೋಲಿನವರೆಗೆ ನಡೆದಿದ್ದೆ.

ಹೊಸ ತಟ್ಟೆಗೆ ಹೆಸರು ಬರೆಯಬೇಕು.
ಕೆಂಪು ಮಾರ್ಕರು ಒಣಗಿದೆ.
ನೀಲಿಯಲ್ಲೇ ಬರೆದೆ.