ಉಲ್ಟಾ ವೈರು

ನಾಪೋಕ್ಲಿನ ಮೈದಾನದಲ್ಲಿ ಮನೆತನಗಳ ಹಾಕಿ,
ಏಪ್ರಿಲ್ಲಿನ ಮೂರು ಗಂಟೆಯ ಬಿಸಿಲು.
ಕಾಮೆಂಟರಿಗೆ ಕೂತವರು ನಿವೃತ್ತ ಸುಬೇದಾರ್ ಉತ್ತಯ್ಯ;
ಅವರ ಗಂಟಲಿಗೆ ಮೈಕು ಬರೀ ಮರ್ಯಾದೆಗೆ.
ಆದರೂ ಎರಡಿಟ್ಟಿದ್ದ ಮೊಯ್ದು,
ಮೀಸೆಯ ಈ ತುದಿಗೊಂದು, ಆ ತುದಿಗೊಂದು.
ಹಿಂದಿನ ರಾತ್ರಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಬೆಸುಗೆ ಹಾಕಿದ ಕೇಬಲ್ಲುಗಳು;
ಒಂದರಲ್ಲಿ ಕೆಂಪು ಕೂರಬೇಕಾದಲ್ಲಿ ಬಿಳಿ ಕೂತಿತ್ತು.

ನಾನಿದ್ದದ್ದು ಆಚೆ ಗೋಲಿನ ಹಿಂದೆ,
ಸ್ಪೀಕರ್ ಕಂಬದ ಕೆಳಗೆ,
ತೊಡೆಯ ಮೇಲೆ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆ:
ಅಲೆ ಎಂದರೇನು, ಎರಡು ಅಂಕ.

ಸುಬೇದಾರರು ಕುರ್ಚಿ ಎಳೆದು
ಸರಿಯಾಗಿ ನಡುವೆ ಕೂತರು.
ದನಿ ಹೋಯಿತು.
ಬಾಯಿ ಆಡುತ್ತಿದೆ, ಕೈ ಬೀಸುತ್ತಿದೆ,
ಕಂಬದಲ್ಲಿ ಮಾತ್ರ ಒಂದಕ್ಷರವಿಲ್ಲ.
ಒಂದು ಮೈಕು ಏರು ಅಂದದ್ದಕ್ಕೆ
ಇನ್ನೊಂದು ಇಳಿ ಅಂದಿತ್ತು;
ಏರೂ ಇಳಿವೂ ಕೈ ಕೈ ಹಿಡಿದು
ಸುಮ್ಮನೆ ಕೂತುಬಿಟ್ಟಿದ್ದವು.

ಆ ತೆರವಿನಲ್ಲಿ
ಇನ್ನೊಂದು ದನಿ, ಓರೆಯಿಂದ, ಸಣ್ಣಗೆ,
ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಆಡುವಂಥದ್ದು:
"ಹತ್ತನೇ ನಂಬರಿನವ ಬಲಕ್ಕೆ ನೋಡ್ತಾನೆ,
ಕೊಡೋದು ಎಡಕ್ಕೆ. ನೋಡು ಈಗ."
ಅವನು ಎಡಕ್ಕೇ ಕೊಟ್ಟ.

ಚೋಂದಮ್ಮ. ಸುಬೇದಾರರ ಹೆಂಡತಿ.
ಮೇಜಿನ ಎಡಗಡೆ, ಫ್ಲಾಸ್ಕಿನ ಪಕ್ಕ,
ಮೊಮ್ಮಗಳಿಗೆ ಆಟ ಹೇಳಿಕೊಡುತ್ತಿದ್ದರು.
ಹಾಗಾದರೆ ಇಷ್ಟು ವರ್ಷ
ಇದೇ ಮೈಕಿನೊಳಗೆ ಅವರೂ ಇದ್ದರು.

ಸುಬೇದಾರರು ತಲೆ ಕೊಡವಿದರು, ನಾಲ್ಕೇ ಬೆರಳು ಅತ್ತ.
"ಪೆನಾಲ್ಟೀ ಕಾರ್ನರ್!"
ಕಂಬದ ಮೇಲಿನ ಕಾಗೆ ಹಾರಿತು.

ಸಂಜೆ ಮೊಯ್ದು ಕೇಬಲ್ಲನ್ನು ಮೊಣಕೈಗೆ ಸುತ್ತುತ್ತ
"ಮಾನ ಹೋಯ್ತು ಟೀಚರ್" ಅಂದ.
ಇಲ್ಲ ಮಾರಾಯ,
ದೂರದ ಮರಳುಗಾಡಿನ ಬೆಟ್ಟದ ನೆತ್ತಿಯಲ್ಲಿ
ಬೇಕೆಂದೇ ವೈರು ಉಲ್ಟಾ ಹಾಕುವವರಿದ್ದಾರೆ.
ಎರಡು ದೂರದರ್ಶಕ, ಒಂದೇ ನಕ್ಷತ್ರ.
ಒಂದರ ಬೆಳಕನ್ನು ಅರ್ಧ ಅಲೆ ತಡಮಾಡಿ
ಇನ್ನೊಂದರ ಮೇಲೆ ಇಟ್ಟರೆ
ಬೆಳಕಿಗೆ ಬೆಳಕು ಕೂಡಿ ಕತ್ತಲು.
ಪಕ್ಕದ ಗ್ರಹ ಓರೆಯಿಂದ ಬರುವುದರಿಂದ
ಅದರ ಲೆಕ್ಕ ತಪ್ಪುತ್ತದೆ,
ತಪ್ಪಿದ್ದಕ್ಕೇ ಉಳಿದುಕೊಳ್ಳುತ್ತದೆ.

"ಅಷ್ಟು ಸುಲಭವಾ?"

ಅಲ್ಲ. ನಿನ್ನ ಗಡ್ಡದ ಒಂದು ಕೂದಲನ್ನು
ಸಾವಿರ ಸೀಳು ಮಾಡು; ಒಂದು ಸೀಳಿನಷ್ಟು
ಕನ್ನಡಿ ಸರಿದರೂ ನಕ್ಷತ್ರ ಸೋರುತ್ತದೆ.
ಗಾಳಿ ಬೇರೆ, ಕಾದ ಬಾಣಲೆಯ ಮೇಲಿನ ಹವೆಯ ಹಾಗೆ
ನಡುಗುತ್ತಲೇ ಇರುತ್ತದೆ.
ನಕ್ಷತ್ರವೂ ಬರೀ ಚುಕ್ಕಿಯಲ್ಲ,
ಸುಬೇದಾರರ ಹಾಗೆ ಅದಕ್ಕೂ ಅಗಲ ಉಂಟು,
ಅಂಚಿನಿಂದ ಕೇಳಿಸಿಯೇ ಕೇಳಿಸುತ್ತದೆ.
ಆಕಾಶಕ್ಕೆ, ಕನ್ನಡಿಗೆ, ಎಲ್ಲಕ್ಕೂ ಮೈಕಾವು;
ಆ ಕಣ್ಣಿಗೆ ಅವೆಲ್ಲ ಹೊಳೆಯುತ್ತವೆ.

ಮೊಯ್ದುವಿನ ಕೈ ನಿಂತಿತು.
ಮೂವತ್ತು ವರ್ಷ ಆಂಪ್ಲಿಫೈಯರಿನ ಜೊತೆ ಬಾಳಿದವ ಕೇಳಿದ:
"ಕೊನೆಗೆ ಉಳಿದದ್ದು ಗ್ರಹವೋ,
ನಮ್ಮ ಯಂತ್ರದ್ದೇ ಗುಂಯ್ ಅನ್ನೋದೋ,
ಹೇಗೆ ಗೊತ್ತಾಗ್ತದೆ?"

ಕಾಯಬೇಕು. ಭೂಮಿ ತಿರುಗಿದಂತೆ
ಕನ್ನಡಿಗಳ ಜೋಡಿಯೂ ತಿರುಗುತ್ತದೆ.
ಗ್ರಹವಾದರೆ ಒಮ್ಮೆ ಮೂಡಿ ಒಮ್ಮೆ ಮಂಕಾಗುತ್ತದೆ.
ಗುಂಯ್ ಆದರೆ ಇದ್ದಂತೇ ಇರುತ್ತದೆ.
ಎಷ್ಟೋ ರಾತ್ರಿ ಸಿಕ್ಕುವುದು ಧೂಳು ಮಾತ್ರ,
ನಕ್ಷತ್ರದ ಸುತ್ತ ಬೆಚ್ಚಗೆ ತೇಲುವ ಧೂಳು.

"ಧೂಳಾ," ಅಂದ ಮೊಯ್ದು,
ಶರ್ಟು ಕೊಡವಿಕೊಂಡು.

ಗೋಲಿನ ಬಲೆ ಕಾಣದಷ್ಟು ಕತ್ತಲಾದಾಗ
ಚೋಂದಮ್ಮ ಬಂದರು, ಮರೆತುಹೋದ ಫ್ಲಾಸ್ಕಿಗೆ.
ಮುಚ್ಚಳ ಬಿಗಿ ಮಾಡುತ್ತ, ನಮ್ಮನ್ನು ನೋಡದೆ ಕೇಳಿದರು:
"ನಾನು ಆಡಿದ್ದು ಹೊರಗೆ ಹೋಯ್ತಂತೆ. ಎಷ್ಟು ಹೊತ್ತು?"

"ಹನ್ನೊಂದು ಸೆಕೆಂಡು," ಅಂದೆ.

ತಡಿಯಂಡಮೋಳಿನ ಮೇಲೆ ಒಂದು ಚುಕ್ಕಿ ಆಗಷ್ಟೇ ನಿಂತಿತ್ತು.
ಅವರು ಅದನ್ನು ನೋಡಲಿಲ್ಲ. ಮೈದಾನ ನೋಡಿದರು,
ಎಡ ಅಂಚಿನಿಂದ ಡಿ ವರೆಗೆ ಕಣ್ಣಲ್ಲೇ ಓಡಿ ಬಂದು ಹೇಳಿದರು:

"ಅಷ್ಟರಲ್ಲಿ ಒಂದು ಗೋಲು ಹೊಡೀಬಹುದು."