ನಿ.ಪಿ. ನಾಲ್ಕು

ರಾಯಚೂರಿನ ಕೋರ್ಟಿನಲ್ಲಿ ನಾನು ಬೆರಳಚ್ಚುಗಾರ.
ಇಪ್ಪತ್ತೆರಡು ವರ್ಷ. ಕೊಲೆ, ಪಾಲುಪಟ್ಟಿ, ಜೀವನಾಂಶ
ಕಿವಿಯಿಂದ ಬೆರಳಿಗೆ ಇಳಿದು ಹೋಗುತ್ತವೆ,
ನಡುವೆ ಎಲ್ಲೂ ತಂಗುವುದಿಲ್ಲ.

ಆವತ್ತು ಏಪ್ರಿಲ್. ಫ್ಯಾನು ಇದ್ದ ಬಿಸಿಯನ್ನೇ ಹಂಚುತ್ತಿತ್ತು.
ಕಟಕಟೆಯಲ್ಲಿ ಸುಂಕಲಮ್ಮ, ಮಾನ್ವಿ ಕಡೆಯ ಹಳ್ಳಿ,
ಸೆರಗಿನ ತುದಿಯಲ್ಲಿ ಬಸ್ ಟಿಕೆಟು ಗಂಟು ಕಟ್ಟಿದ್ದಳು.
"ನಿಮ್ಮಪ್ಪ ತಾಯಪ್ಪ ಏನು ಮಾಡ್ತಿದ್ದ?" ಎದುರು ವಕೀಲರು.
"ಹಲಗಿ ಬಡದು ಡಂಗುರ ಸಾರತಿದ್ದ್ರಿ.
ಯಾರ ಎಮ್ಮಿ ಕಳದ್ರೂ, ಕೆನಾಲಿಗೆ ನೀರು ಬಿಟ್ರೂ
ಊರಿಗೆಲ್ಲ ಅಂವಂದ ಬಾಯಿ.
ನಮ್ಮ ಕೇರಿಗೆ ಅಂಗಡಿ ಬಂದ್, ಗಿರಣಿ ಬಂದ್, ಕೂಲಿ ಬಂದ್
ಅಂತ ಸಾರೂ ಹೊತ್ತಿಗೆ
ಬಡಿಯಾಕ ಯಾರೂ ಸಿಗಲಿಲ್ರಿ ಅವ್ರಿಗೆ.
ಆಟೋ ತರಿಸಿದ್ರು. ಮೈಕು ಕಟ್ಟಿದ್ರು."

ಯಾರೋ ನಕ್ಕರು. ನಾನೂ, ಟೈಪು ಮಾಡುತ್ತಲೇ.

"ಮೈಕಿನಲ್ಲಿ ಏನಂದರು? ಅಂದದ್ದು ಅಂದಹಾಗೆ ಹೇಳು."

ಅವಳು ಹೇಳಲಿಲ್ಲ.

ಬೆರಳು ಕೀಲಿಯ ಮೇಲೆ ಕಾದವು.
ಆ ಪದದ ಮೊದಲ ಅಕ್ಷರ ಎಲ್ಲಿದೆಯೆಂದು
ಅವಕ್ಕೆ ಆಗಲೇ ಗೊತ್ತಿತ್ತು.
ನಮ್ಮ ಪಡಸಾಲೆಗೆ ಅದು ಬೆಳಗಿನ ಚಹಾದ ಜೊತೆ ಬರುತ್ತಿತ್ತು,
ಬೈಗುಳವಾಗಿ ಅಲ್ಲ, ಸುಮ್ಮನೆ, ಹೆಸರಿನ ಬದಲಿಗೆ.
ಅಜ್ಜಿ ಅಂದಳು, ಅಪ್ಪ ಅಂದ. ನಾನೂ ಅಂದಿದ್ದೆ
ಐದನೇ ಕ್ಲಾಸಿನಲ್ಲಿ, ಪಕ್ಕದ ಹುಡುಗನಿಗೆ.
ಅವನು ಸ್ಲೇಟು ಒರೆಸುತ್ತ ಕೂತ,
ಒರೆಸಿದ್ದನ್ನೇ ಒರೆಸುತ್ತ.

ಆಗ ಎದ್ದವಳು ಸಮಾನತಾ ಆಯೋಗದ ಸೀತಾ ರಾಠೋಡ.
ನಮ್ಮ ಶಿರಸ್ತೇದಾರರಿಗೆ ಆಯೋಗವೆಂದರೆ ಹಳೇ ತಮಾಷೆ:
"ಅದಕ್ಕೆ ಕಾಲುಂಟು, ಕೈಯಿಲ್ಲ. ನಮಗೆ ಕೈಯುಂಟು,
ಕುರ್ಚಿ ಬಿಟ್ಟು ಏಳಂಗಿಲ್ಲ."
ಆ ಕಾಲು ಆ ಊರಿಗೆ ಮೂರು ಸಲ ಹೋಗಿತ್ತು,
ನೀರಿನ ಟಾಕಿಯ ನೆರಳಲ್ಲಿ ಕೂತು ಬರೆದುಕೊಂಡಿತ್ತು:
ಆಟೋದ ನಂಬರು, ಪೆನ್‌ಡ್ರೈವು, ಸಾಕ್ಷಿಗಳು, ಸಹಿ, ಹೆಬ್ಬೆಟ್ಟು.
ನಮ್ಮಿಂದ ಅವರಿಗೆ ಪತ್ರ, ಅವರಿಂದ ನಮಗೆ ಪತ್ರ,
ಏಳು ತಿಂಗಳು ಟಪಾಲಿನಲ್ಲಿ ಒಂದನ್ನೊಂದು ಹುಡುಕಿ
ಎರಡು ಕಡತ ಕೊನೆಗೆ ಒಂದೇ ದಾರದಲ್ಲಿ.

"ಹಾಗಾದರೆ ಹಚ್ಚಿ, ಎಲ್ಲರೂ ಕೇಳಲಿ," ಅಂದರು ವಕೀಲರು.
ಹಿಂದಿನ ಬೆಂಚಿನಲ್ಲಿ ಸುಂಕಲಮ್ಮನ ಮಗಳು,
ಶಾಲೆಯ ಯೂನಿಫಾರ್ಮಿನಲ್ಲೇ ಬಂದವಳು.
ನ್ಯಾಯಾಧೀಶರು ಅತ್ತ ನೋಡಿದರು. ಕನ್ನಡಕ ತೆಗೆದರು.
ಆಮೇಲೆ ನನ್ನ ಕಡೆ:
"ನಿಮ್ಮ ಹತ್ತಿರ ಇಯರ್‌ಫೋನ್ ಇದೆಯೇನ್ರಿ?"

ಇತ್ತು. ಶಕ್ತಿನಗರದ ಬಸ್ಸಿನಲ್ಲಿ ಹಾಡು ಕೇಳುವ
ಅಗ್ಗದ ಕರಿ ವೈರು, ಒಂದು ಕಿವಿಯಲ್ಲಿ ಕರಕರ.
ಅವರು ಕೇಳಿದರು. ವಕೀಲರಿಬ್ಬರೂ ಸರದಿಯಲ್ಲಿ ಕೇಳಿದರು.
ಆರೋಪಿಯೂ, ತನ್ನದೇ ದನಿ.
ಇಡೀ ಊರು ಸುತ್ತಿದ ಮಾತು
ಆವತ್ತು ಕಿವಿಯ ತೂತಿನಷ್ಟೇ ಜಾಗದಲ್ಲಿ ತಿರುಗಿತು.
ಹೊರಗೆ ನೋಟರಿಯ ಮರದ ಕೆಳಗೆ
ಯಾರೋ ಜ್ಯೂಸಿನವನನ್ನು ಕೂಗಿದರು.

"ಒಮ್ಮೆ ಆಯೋಗದ ಮುಂದೆ ಹೇಳಿದ್ದಾರೆ, ಸಾಕು.
ಈ ಸಹಿ ನಿಮ್ಮದೇನಮ್ಮ?"
"ನಂದರೀ."
ನಿಮ್ಮದು, ಎಂದರು. ವಕೀಲರ ಅಷ್ಟು ಹೊತ್ತಿನ ನೀನು
ಅಲ್ಲಿಗೆ ನಿಂತಿತು.
ಹೇಳಿಕೆಯಲ್ಲಿ ಅದೆಲ್ಲ ದಾಖಲಾಗುವುದಿಲ್ಲ,
ಅದಕ್ಕೇ ಇಲ್ಲಿ ಬರೆದಿಟ್ಟೆ.
ಅಲ್ಲಿ ನಾನು ಬಡಿದದ್ದು ಇಷ್ಟೇ: ಗುರುತಿಸಲಾಯಿತು, ನಿ.ಪಿ. ನಾಲ್ಕು.

ತೀರ್ಪು ಇನ್ನೂ ಇದೆ. ಗಿರಣಿ ತೆರೆದಿದ್ದಾರಂತೆ,
ಅವಳ ಜೋಳಕ್ಕೆ ಮಾತ್ರ ಪಾಳಿ ಕೊನೆಗಂತೆ.
ಸೀತಾ ರಾಠೋಡ ಅದನ್ನೂ ಬರೆದು ಕಳಿಸಿದ್ದಾಳೆ,
ಟಪಾಲು ನಂಬರು ಬಿದ್ದಿದೆ.

ಸಂಜೆ ಬಸ್ಸಿನಲ್ಲಿ ಇಯರ್‌ಫೋನು ತೆಗೆದೆ,
ಅಂಗಿಯ ಚುಂಗಿನಿಂದ ಒರೆಸಿದೆ, ಮತ್ತೆ ಒರೆಸಿದೆ.
ದೇವಸೂಗೂರು ಬಂದರೂ ಕಿವಿಗೆ ಇಡಲಾಗಲಿಲ್ಲ.
ಐದನೇ ಕ್ಲಾಸಿನ ಆ ಹುಡುಗನ ಹೆಸರು ನೆನೆದೆ,
ಬರಲಿಲ್ಲ.
ಎಂದಾದರೂ ಕರೆದಿದ್ದರಲ್ಲವೇ ಬರುವುದು.