ಎಣ್ಣೆ ಲೆಕ್ಕ

ಸುರಪುರದಾಚೆ ಕೆರೆಯೇರಿಯ ಮೇಲೆ
ದೀಪದ ಬುರುಜು. ಕೀಲಿ ಮಾಬುಬೀ ಕೈಯಲ್ಲಿ.
"ತಲಿ ಬಗ್ಗಸ್ರಿ" ಅನ್ನುವುದರೊಳಗೆ
ಹಣೆಗೆ ಬಡಿದಿತ್ತು ಕಲ್ಲು.

ಇಪ್ಪತ್ತೆರಡು ಮೆಟ್ಟಿಲು, ಪಾರಿವಾಳದ ಹಿಕ್ಕೆ.
ತುದಿಗೊಂದು ಗೂಡು, ಗೂಡಿನ ತುಂಬ ಮಸಿ;
ಅದರಾಚೆ ನೀರು,
ನೀರಿನಾಚೆ, ರಾತ್ರಿ ಹರಿಗೋಲು ಹೊರಡುತ್ತಿದ್ದ ಊರು.

ದಫ್ತರ ಬಿಚ್ಚಿದಳು:
ದಿನಕ್ಕೆ ಪಾವು ಎಣ್ಣೆ, ಗಾಳಿಯಿದ್ದರೆ ಅರ್ಧ ಸೇರು,
ಸಾಲುಸಾಲಿಗೂ ಲಾಲಸಾಬನ ಉರ್ದು ಸಹಿ.
ಒಂದು ಪುಟದಿಂದಾಚೆಗೆ ಮಾತ್ರ
ಲಾಮಿನ ಬಾಲ ಬೇರೆ ಕಡೆ ಹೊರಳಿದೆ.

"ದಾದಾಗ ಕಣ್ಣ ಹೋಗಿದ್ವು.
ಹೆಸರ ಆತಂದು, ಪಗಾರ ಆತಂದು,
ಆರು ವರ್ಸ ಹತ್ತಿದಾಕಿ ದಾದಿ.
ಬರಿಯಾಕ ಬರ್ತಿದ್ದದ್ದು
ಇದೊಂದ ಹೆಸರ."

ಇಳಿಯುವಾಗ ಹಣೆ ಮುಟ್ಟಿಕೊಂಡೆ. ಬೆರಳ ಮಸಿ ಅಲ್ಲಿಗೂ ಹತ್ತಿತು.
"ಆಕೆಗೂ ಬಡೀತಿತ್ತೇನು, ಈ ಕಲ್ಲು?"

"ಇಲ್ರಿ," ಕೀಲಿ ತಿರುವುತ್ತ ಮಾಬುಬೀ,
"ದಾದಿ ಗಿಡ್ಡಿದ್ಳು."